ಲಿವರ್ ಕೆಟ್ಟರೆ ತಲೆ ಯಾಕೆ ಕೆಡುತ್ತದೆ?

ಕೇಳುಗರಿಗೆ ನಮಸ್ಕಾರ.

ಮನೆಯ ಯಜಮಾನರು ರಾತ್ರಿಯಿಡೀ ಎದ್ದು ಕೂಡುತ್ತಾರೆ, ಹಗಲೆಲ್ಲ ತೂಕಡಿಸುತ್ತಾರೆ. ಒಂದು ಕೇಳಿದರೆ ಇನ್ನೊಂದು ಹೇಳುತ್ತಾರೆ. ಅಂಗಿಯ ಗುಂಡಿ ಹಾಕಿಕೊಳ್ಳಲು ತಡವರಿಸುತ್ತಾರೆ. ಬ್ಯಾಂಕಿನಲ್ಲಿ ಮಾಡಿದ ಸಹಿ ಹಳೆಯ ಸಹಿಗೆ ಹೊಂದುವುದೇ ಇಲ್ಲ. ವಯಸ್ಸಾಯಿತು ಬಿಡಿ ಅಂತಾರೆ ಕೆಲವರು. ಗಾಳಿ ಬಡಿದಿದೆ ಅಂತ ತಾಯತ ಕಟ್ಟಿಸುವವರೂ ಇದ್ದಾರೆ. ಆದರೆ ಅವರಿಗೆ ಮೊದಲಿನಿಂದ ಲಿವರ್ ಜಡ್ಡು ಇದ್ದರೆ, ರಕ್ತದಲ್ಲಿ ಅಮೋನಿಯ ಏರಿದೆಯೇನೋ ಅಂತ ನೋಡಲೇಬೇಕು.

ಅಮೋನಿಯ ಎಲ್ಲರ ಹೊಟ್ಟೆಯಲ್ಲೂ ಹುಟ್ಟುತ್ತದೆ. ಬೇಳೆ, ಹಾಲು, ಮಾಂಸದಲ್ಲಿನ ಪ್ರೋಟೀನ್ ಅನ್ನು ಕರುಳು ಮತ್ತು ಅಲ್ಲಿರುವ ಬ್ಯಾಕ್ಟೀರಿಯಾ ಒಡೆದಾಗ ಅದು ಬರುತ್ತದೆ. ಲಿವರ್ ಅದನ್ನು ಯೂರಿಯಾ ಮಾಡಿ ಕಿಡ್ನಿಗೆ ಕಳಿಸುತ್ತದೆ, ಅದು ಮೂತ್ರದಲ್ಲಿ ಹೋಗುತ್ತದೆ. ಕುಡಿತದಿಂದಲೋ, ಬಿ ಅಥವಾ ಸಿ ಕಾಮಣಿಯಿಂದಲೋ, ಕೊಬ್ಬು ತುಂಬಿಯೋ ಲಿವರ್ ಗಟ್ಟಿಯಾದರೆ ಈ ಕೆಲಸ ನಿಲ್ಲುತ್ತದೆ. ಅಮೋನಿಯ ನೇರವಾಗಿ ಮಿದುಳಿಗೆ ಏರುತ್ತದೆ. ಕುಡಿಯದವರಿಗೂ ಇದು ಬರುತ್ತದೆ, ಆದ್ದರಿಂದ ಸುಮ್ನೆ ಅವರ ಮೇಲೆ ಗೂಬೆ ಕೂರಿಸಬೇಡಿ.

ಹಾಗಾದರೆ ನಿನ್ನೆಯವರೆಗೆ ಚೆನ್ನಾಗಿದ್ದವರು ಇವತ್ತು ದಿಢೀರನೆ ಯಾಕೆ ಹೀಗಾದರು? ಸಾಮಾನ್ಯವಾಗಿ ಅದಕ್ಕೊಂದು ನೆಪ ಇರುತ್ತದೆ. ಎರಡು ಮೂರು ದಿನ ಮೋಶನ್ ಆಗಿರುವುದಿಲ್ಲ. ಹೊಟ್ಟೆಯ ನೀರಿಗೆ ಸೋಂಕು ತಗಲಿರುತ್ತದೆ. ನಿದ್ದೆ ಮಾತ್ರೆ ನುಂಗಿರುತ್ತಾರೆ. ಒಳಗೆ ರಕ್ತ ಸೋರಿ ಮಲ ಡಾಂಬರಿನಂತೆ ಕಪ್ಪಾಗಿರುತ್ತದೆ. ನಮ್ಮ ರಾಯಚೂರಿನ ಬೇಸಿಗೆಯಲ್ಲಿ ಮೈಯ ನೀರು ಬತ್ತುವುದೂ ಒಂದು ಕಾರಣ. ಅದರ ಜೊತೆ ಮೂತ್ರ ಇಳಿಸುವ ಮಾತ್ರೆಯೂ ನಡೆದಿದ್ದರೆ ಕೇಳುವುದೇ ಬೇಡ. ಆ ನೆಪ ಹುಡುಕಿ ಸರಿಪಡಿಸುವುದೇ ಚಿಕಿತ್ಸೆಯ ದೊಡ್ಡ ಪಾಲು.

ಡಾಕ್ಟರು ಎರಡೂ ಕೈ ಮುಂದೆ ಚಾಚಿ, ಬಸ್ಸು ನಿಲ್ಲಿಸುವವರ ಹಾಗೆ ಅಂಗೈ ಮೇಲೆತ್ತಿ ಹಿಡಿಯಲು ಹೇಳುತ್ತಾರೆ. ಅಮೋನಿಯ ಏರಿದ್ದವರ ಮಣಿಕಟ್ಟು ಪಟ್ಟನೆ ಕುಸಿದು, ಮತ್ತೆ ಏಳುತ್ತದೆ. ರಕ್ತ ಪರೀಕ್ಷೆಯೂ ಇದೆ, ಆದರೆ ಅದು ಬಲು ನಾಜೂಕು. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಡಬಾರದು. ತೆಗೆದ ರಕ್ತವನ್ನು ಐಸ್ ಮೇಲಿಟ್ಟು ಕೂಡಲೇ ಲ್ಯಾಬಿಗೆ ಒಯ್ಯಬೇಕು. ತಡವಾದರೆ ಸೀಸೆಯೊಳಗೇ ಅಮೋನಿಯ ಹೆಚ್ಚುತ್ತದೆ. ಸಿಂಧನೂರಿನಲ್ಲಿ ತೆಗೆದ ರಕ್ತ ಬಿಸಿಲಲ್ಲಿ ರಾಯಚೂರಿಗೆ ಬಂದರೆ ಆ ರಿಪೋರ್ಟಿಗೆ ಏನು ಬೆಲೆ? ರಕ್ತದ ಬದಲು ರೋಗಿಯನ್ನೇ ಕರೆತರುವುದು ಒಳ್ಳೆಯದು. ಇನ್ನು, ರಿಪೋರ್ಟಿನ ಅಂಕಿಯನ್ನೇ ಹಿಡಿದು ಕೂಡಬೇಡಿ. ಅಂಕಿ ಸರಿಯಾಗಿಯೇ ಇದ್ದರೆ ಗೊಂದಲಕ್ಕೆ ಬೇರೆ ಕಾರಣ ಹುಡುಕಬೇಕು, ಅಷ್ಟೇ.

ಔಷಧಿಯಲ್ಲಿ ಮುಖ್ಯವಾದದ್ದು ಲ್ಯಾಕ್ಟುಲೋಸ್ ಅನ್ನುವ ಸಿಹಿ ಸಿರಪ್. ಅದು ಅಮೋನಿಯವನ್ನು ಕರುಳಲ್ಲೇ ಹಿಡಿದು ಮಲದ ಜೊತೆ ಹೊರಗೆ ಹಾಕುತ್ತದೆ. "ಡಾಕ್ಟ್ರೇ, ಅದು ಕುಡಿದ್ರೆ ಭೇದಿ ಆಗ್ತದ್ರೀ" ಅಂತ ಮನೆಗೆ ಹೋದ ಮೇಲೆ ನಿಲ್ಲಿಸಿಬಿಡುತ್ತಾರೆ. ಇದು ಎಷ್ಟು ಸಲ ಕೇಳಿದ ಮಾತೋ! ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮೋಶನ್ ಆಗಬೇಕು, ಔಷಧಿ ಕೊಡುವುದೇ ಅದಕ್ಕೆ. ಅದಕ್ಕಿಂತ ಜಾಸ್ತಿ ಆದರೆ ಡಾಕ್ಟರನ್ನು ಕೇಳಿ ಅಳತೆ ಕಡಿಮೆ ಮಾಡಿ. ಪೂರ್ತಿ ಬಿಡಬೇಡಿ. ಪದೇ ಪದೇ ಹೀಗಾಗುವವರಿಗೆ ಇದರ ಜೊತೆ ರಿಫಾಕ್ಸಿಮಿನ್ ಮಾತ್ರೆ ಕೊಡುತ್ತಾರೆ.

ಊಟದ ವಿಷಯದಲ್ಲಂತೂ ಹಳೆಯ ಭಯ ಇನ್ನೂ ಹೋಗಿಲ್ಲ. ಬೇಳೆ ಬೇಡ, ಮೊಸರು ಬೇಡ ಅಂತ ಬರೀ ಗಂಜಿ ಕುಡಿಸುತ್ತಾರೆ. ಹಾಗೆ ಮಾಡಿದರೆ ಮೈಯ ಮಾಂಸಖಂಡ ಕರಗುತ್ತದೆ. ಲಿವರ್ ಸೋತಾಗ ಅಮೋನಿಯವನ್ನು ಹೀರಿಕೊಳ್ಳುವುದು ಆ ಮಾಂಸಖಂಡವೇ ಅಲ್ವಾ? ಇಂಥವರಿಗೆ ದಿನಕ್ಕೆ ತೂಕದ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ರೊಟ್ಟಿ, ಹೆಸರುಬೇಳೆ, ಮೊಸರು, ಶೇಂಗಾ ಎಲ್ಲ ಕೊಡಿ, ಸ್ವಲ್ಪ ಸ್ವಲ್ಪವಾಗಿ. ಮಲಗುವ ಮುನ್ನ ಏನಾದರೂ ತಿನ್ನಿಸಿ, ರಾತ್ರಿಯಿಡೀ ಖಾಲಿ ಹೊಟ್ಟೆ ಬೇಡ.

ಕೂಸುಗಳ ಮಾತು ಬೇರೆ. ಹುಟ್ಟುವಾಗ ಗುಂಡಗೆ ಇದ್ದ ಮಗು ಎರಡನೇ, ಮೂರನೇ ದಿನ ಮೊಲೆ ಬಿಡುತ್ತದೆ. ವಾಂತಿ ಮಾಡುತ್ತದೆ, ಜೋರಾಗಿ ಉಸಿರಾಡುತ್ತದೆ, ಜೋತು ಬೀಳುತ್ತದೆ. ಸೋಂಕಿನ ಹಾಗೆಯೇ ಕಾಣುತ್ತದೆ. ಆದರೆ ಯೂರಿಯಾ ಮಾಡುವ ಕಿಣ್ವವೇ ಹುಟ್ಟಿನಿಂದ ಇಲ್ಲದಿದ್ದರೂ ಹೀಗಾಗುತ್ತದೆ. ಇಲ್ಲಿ ಗಂಟೆಗಂಟೆಗೂ ಮಿದುಳಿಗೆ ಪೆಟ್ಟು. ಡಾಕ್ಟರು ಸ್ವಲ್ಪ ಕಾಲ ಹಾಲು ನಿಲ್ಲಿಸಿ ಗ್ಲೂಕೋಸ್ ಹಚ್ಚುತ್ತಾರೆ, ಸೋಡಿಯಂ ಬೆಂಜೋಯೇಟ್‌ನಂಥ ಔಷಧಿ ಕೊಡುತ್ತಾರೆ, ಬೇಕಾದರೆ ಡಯಾಲಿಸಿಸ್ ಮಾಡುತ್ತಾರೆ. ಇದನ್ನು ಮನೆಯಲ್ಲಿ ಮಾಡಲಾಗದು, 108ಕ್ಕೆ ಫೋನ್ ಮಾಡಿ ದವಾಖಾನೆಗೆ ಒಯ್ಯಿರಿ.

ನಮ್ಮ ಕಡೆ ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತರುವ ರೂಢಿ ಇದೆ. ಇಂಥ ಕಾಯಿಲೆಗಳಲ್ಲಿ ಹಲವು ರಕ್ತಸಂಬಂಧದ ಮದುವೆಯ ಮಕ್ಕಳಲ್ಲಿ ಹೆಚ್ಚು ಕಾಣುತ್ತವೆ. ಒಂದು ಬಗೆಯಂತೂ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ, ಅದಕ್ಕೆ ಮದುವೆಯ ಸಂಬಂಧ ಯಾವುದಾದರೂ ಒಂದೇ. ಮೊದಲೊಂದು ಕೂಸು ಹುಟ್ಟಿದ ವಾರದಲ್ಲೇ ಕಾರಣ ತಿಳಿಯದೆ ತೀರಿಕೊಂಡಿದ್ದರೆ, ಮುಂದಿನ ಬಸಿರಿನ ಮೊದಲ ತಪಾಸಣೆಯಲ್ಲೇ ಆ ಮಾತನ್ನು ಡಾಕ್ಟರಿಗೆ ಹೇಳಿ, ಕೂಸು ಹುಟ್ಟಿದ ದಿನವೇ ಅಮೋನಿಯ ನೋಡುವ ದವಾಖಾನೆ ಯಾವುದು ಅಂತ ಕೇಳಿಟ್ಟುಕೊಳ್ಳಿ.