ಎಂಜಿನ್‌ಗೆ ಗಾಳಿಯ ತೂಕವೇ ಲೆಕ್ಕ

ಎಲ್ಲರಿಗೂ ನಮಸ್ಕಾರ.

ನಮ್ಮ ಕುಂದಾಪುರದ ಕಡೆ ಮಳೆ ಹಿಡಿದರೆ ಸಾಕು, ಗ್ಯಾರೇಜಿಗೆ ಬರುವವರು ಒಂದೇ ಮಾತು ಹೇಳುತ್ತಾರೆ: "ಗಾಡಿ ಯಾಕೋ ಎಳೀತಾ ಇಲ್ಲ." ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿಗೆ ಹೋಗಿ ಬಂದವರ ದೂರು ಬೇರೆ, "ಬೆಳಿಗ್ಗೆ ಸ್ಟಾರ್ಟೇ ಆಗಲಿಲ್ಲ." ಏಪ್ರಿಲ್‌ನಲ್ಲಿ ರಾಯಚೂರಿನವರೆಗೆ ಓಡಿಸಿದವರು "ಪಿಕಪ್ ಸತ್ತೇ ಹೋಗಿತ್ತು" ಅನ್ನುತ್ತಾರೆ. ಮೂರಕ್ಕೂ ಜನ ಬೈಯುವುದು ಪೆಟ್ರೋಲನ್ನು. ಗಾಳಿಯ ಕಡೆ ಯಾರ ಗಮನವೂ ಹೋಗುವುದಿಲ್ಲ. ಇವತ್ತು ಆ ಗಾಳಿಯ ಬಗ್ಗೆಯೇ ಮಾತಾಡೋಣ.

ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ನೋಡಿದರೆ ಆಶ್ಚರ್ಯವಾಗುತ್ತದೆ. ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ! ಬೇಸಿಗೆಯಲ್ಲಿ ಮನೆಗೆ ನೀರು ತರುತ್ತಾರಲ್ಲ, 6,000 ಲೀಟರಿನ ಟ್ಯಾಂಕರ್, ಅಂಥ ಒಂದೂವರೆ ಟ್ಯಾಂಕರ್ ಗಾಳಿ.

ಎಂಜಿನ್ ಪ್ರತಿ ಸುತ್ತಿಗೆ ಒಳಗೆಳೆಯುವ ಗಾಳಿಯ ಅಳತೆ ಬದಲಾಗುವುದಿಲ್ಲ, ಸಿಲಿಂಡರ್ ಇದ್ದಷ್ಟೇ ಇರುತ್ತದೆ. ಬದಲಾಗುವುದು ಆ ಗಾಳಿಯ ತೂಕ. 10 ಡಿಗ್ರಿ ಚಳಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.25 ಕೆಜಿ ತೂಗುತ್ತದೆ. 42 ಡಿಗ್ರಿ ಬಿಸಿಲಿನಲ್ಲಿ 1.12 ಕೆಜಿ. ನೂರಕ್ಕೆ ಹತ್ತು ಪಾಲು ಕಡಿಮೆ. ಘಾಟಿ ಹತ್ತಿದರೂ ಇದೇ ಕಥೆ, ಸಾವಿರ ಮೀಟರ್ ಎತ್ತರಕ್ಕೆ ಗಾಳಿಯ ಒತ್ತಡವೇ ನೂರಕ್ಕೆ ಹನ್ನೊಂದರಷ್ಟು ಇಳಿದಿರುತ್ತದೆ.

ಮಳೆಗಾಲದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಒದ್ದೆ ಗಾಳಿ ಭಾರ ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಮೈಗೆ ಹಾಗೇ ಅನಿಸುತ್ತದೆ ಅಲ್ವಾ? ನಿಜ ತಿರುವುಮುರುವು. ನೀರಾವಿ ಒಣ ಗಾಳಿಗಿಂತ ಹಗುರ. ಜುಲೈ ತಿಂಗಳ ನಮ್ಮ ಕರಾವಳಿ ಗಾಳಿಯಲ್ಲಿ ನೂರಕ್ಕೆ ಮೂರ್ನಾಲ್ಕು ಪಾಲು ನೀರಾವಿಯೇ ಇರುತ್ತದೆ. ಅಷ್ಟು ಜಾಗ ಆಮ್ಲಜನಕದ ಕೈತಪ್ಪಿತು. ಗಾಡಿ ಸ್ವಲ್ಪ ಮಂಕಾದಂತೆ ಕಂಡರೆ ಅದು ಬರೀ ಭ್ರಮೆಯಲ್ಲ.

ನಾನು ಕೆಲಸ ಕಲಿತದ್ದು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ. ಆಗ ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದದ್ದು ಕಾರ್ಬುರೇಟರ್. ಅದಕ್ಕೆ ಗಾಳಿಯ ತೂಕ ಗೊತ್ತಾಗುತ್ತಿರಲಿಲ್ಲ. ಗಾಳಿ ಹರಿಯುವ ವೇಗಕ್ಕೆ ಸಣ್ಣ ತೂತಿನ ಜೆಟ್‌ನಿಂದ ಪೆಟ್ರೋಲ್ ಎಳೆದು ಕೊಡುತ್ತಿತ್ತು, ಅಷ್ಟೇ. ಬಿಸಿಲಿಗೆ ಗಾಳಿಯ ತೂಕ ಹತ್ತು ಪಾಲು ಇಳಿದರೆ ಪೆಟ್ರೋಲ್ ಐದು ಪಾಲು ಮಾತ್ರ ಇಳಿಯುತ್ತಿತ್ತು. ಹೀಗಾಗಿ ಬೇಸಿಗೆಯಲ್ಲಿ ಮಿಶ್ರಣ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ; ಚಳಿಯಲ್ಲಿ ಲೀನ್, ಅಂದರೆ ಪೆಟ್ರೋಲ್ ಕಡಿಮೆ. ಚಳಿಯಲ್ಲಿ ಇನ್ನೂ ಒಂದು ಕಷ್ಟ. ತಣ್ಣಗಿನ ಪೆಟ್ರೋಲ್ ಆವಿಯಾಗುವುದಿಲ್ಲ, ಹನಿಯಾಗಿ ಗಾಳಿ ಒಳಬರುವ ಕೊಳವೆ, ಅಂದರೆ ಮ್ಯಾನಿಫೋಲ್ಡ್ ಗೋಡೆಗೆ ಅಂಟಿಕೊಳ್ಳುತ್ತದೆ. ಉರಿಯುವುದು ಆವಿ, ಹನಿಯಲ್ಲ. ಅದಕ್ಕೇ ಚೋಕ್ ಎಳೆಯಬೇಕಿತ್ತು. ಗಾಳಿಯ ದಾರಿ ಅರ್ಧ ಮುಚ್ಚಿದರೆ ಪೆಟ್ರೋಲ್ ಜಾಸ್ತಿ ಬರುತ್ತದೆ, ಅದರಲ್ಲಿ ಸ್ವಲ್ಪವಾದರೂ ಆವಿಯಾಗಿ ಹೊತ್ತಿಕೊಳ್ಳುತ್ತದೆ. ಎಂಜಿನ್ ಬಿಸಿಯಾದಂತೆ ಚೋಕ್ ಒಳಗೆ ತಳ್ಳುತ್ತಾ ಬರಬೇಕು. ಮರೆತರೆ ಹೊಗೆ, ಪ್ಲಗ್ ಕಪ್ಪು.

ಬೇಸಿಗೆಯಲ್ಲಿ ಪೆಟ್ರೋಲ್ ಬೇಡದ ಕಡೆ ಆವಿಯಾಗುತ್ತಿತ್ತು. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್ ಎಂಜಿನ್‌ಗೇ ಅಂಟಿಕೊಂಡಿತ್ತು. ಮಧ್ಯಾಹ್ನ ಘಾಟಿಯಲ್ಲಿ ಅದು ಕಾದು, ಒಳಗೆ ಗುಳ್ಳೆ ತುಂಬಿ, ಗಾಡಿ ನಿಂತುಬಿಡುವುದು. ಬಾನೆಟ್ ಎತ್ತಿ, ಬಟ್ಟೆ ಒದ್ದೆ ಮಾಡಿ ಪಂಪಿಗೆ ಸುತ್ತಿ, ಹತ್ತು ನಿಮಿಷ ಮರದ ನೆರಳಲ್ಲಿ ಕೂತರೆ ಮತ್ತೆ ಹೊರಡುತ್ತಿತ್ತು. ಆ ಒದ್ದೆ ಬಟ್ಟೆ ಗಾಡಿಯಲ್ಲೇ ಇರುತ್ತಿತ್ತು, ಸ್ಟೆಪ್ನಿ ಇದ್ದ ಹಾಗೆ.

ಈಗ ಆ ಕೈಕೆಲಸವೆಲ್ಲ ಸೆನ್ಸರ್‌ಗಳು ಮಾಡುತ್ತವೆ. ಒಂದು ಗಾಳಿಯ ಒತ್ತಡ ನೋಡುತ್ತದೆ, ಒಂದು ಒಳಬರುವ ಗಾಳಿಯ ಬಿಸಿ, ಇನ್ನೊಂದು ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವದ ಬಿಸಿ. ಗಾಡಿಯೊಳಗಿನ ಪುಟ್ಟ ಕಂಪ್ಯೂಟರ್ ಇಸಿಯು ಲೆಕ್ಕ ಹಾಕಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಹೇಳುತ್ತದೆ. ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಕೂತಿರುತ್ತದೆ. ಉರಿದ ಮೇಲೆ ಎಷ್ಟು ಆಮ್ಲಜನಕ ಉಳಿಯಿತು ಅಂತ ನೋಡಿ ತಪ್ಪು ತಿದ್ದುವುದು ಅದರ ಕೆಲಸ. ಆದರೆ ಅದು 300 ಡಿಗ್ರಿಯಷ್ಟು ಕಾಯುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಷ್ಟರವರೆಗೆ ಇಸಿಯು ಮುಖ್ಯವಾಗಿ ಕೂಲಂಟ್ ಸೆನ್ಸರ್ ಹೇಳಿದ್ದನ್ನು ನಂಬಿ ನಡೆಯುತ್ತದೆ. ಈ ಜಾಗವನ್ನು ಚೆನ್ನಾಗಿ ನೆನಪಿಡಿ. ನಾನು ಹೆಚ್ಚು ಪೆಟ್ಟು ತಿಂದದ್ದು ಇಲ್ಲೇ.

ಒಂದು ಆಷಾಢದಲ್ಲಿ ಒಬ್ಬರು ಮೇಷ್ಟ್ರು ಕಾರು ತಂದರು. ಮೈಲೇಜ್ 16ರಿಂದ 11ಕ್ಕೆ ಬಿದ್ದಿತ್ತು. ಪ್ಲಗ್ ಬಿಚ್ಚಿದೆ, ಒಲೆಯ ಮಸಿಯಂಥ ಕಪ್ಪು. ಸುಮ್ನೆ ಇಂಜೆಕ್ಟರ್ ಕ್ಲೀನ್ ಮಾಡಿದೆ, ಏರ್ ಫಿಲ್ಟರ್ ಬದಲಿಸಿದೆ. ಏನೂ ಆಗಲಿಲ್ಲ. ಎರಡು ದಿನ ಹಾಳು, ಅವರ ದುಡ್ಡೂ ಹಾಳು. ಆಮೇಲೆ ಸೆನ್ಸರ್ ಹೇಳುವುದನ್ನು ಓದಿ ತೋರಿಸುವ ಸ್ಕ್ಯಾನರ್ ಹಾಕಿ ಕೂತೆ. ರೇಡಿಯೇಟರ್ ಪೈಪ್ ಮುಟ್ಟಿದರೆ ಕೈ ಸುಡುತ್ತಿದೆ, ಸ್ಕ್ಯಾನರ್‌ನಲ್ಲಿ ಕೂಲಂಟ್ 45 ಡಿಗ್ರಿ! ಸೆನ್ಸರ್‌ನ ಕನೆಕ್ಟರ್ ಎಳೆದು ನೋಡಿದರೆ ಪಿನ್‌ಗಳ ಮೇಲೆ ಹಸಿರು ಕಿಲುಬು. ಮಳೆ ನೀರು ಒಳಗೆ ಹೋಗಿತ್ತು.

ಇದರ ಗುಟ್ಟು ಹೀಗೆ. ಆ ಸೆನ್ಸರ್ ತಣ್ಣಗಿದ್ದಾಗ ಕರೆಂಟಿಗೆ ತಡೆ ಜಾಸ್ತಿ, 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್ ಆಸುಪಾಸು. ಬಿಸಿಯಾದಾಗ ತೀರಾ ಕಡಿಮೆ, 80 ಡಿಗ್ರಿಗೆ ಮುನ್ನೂರರ ಹತ್ತಿರ. ಕಿಲುಬು ತನ್ನದೂ ಒಂದಷ್ಟು ತಡೆ ಸೇರಿಸಿತು. ಇಸಿಯು ಏನು ತಿಳಿಯಿತು? ಎಂಜಿನ್ ಇನ್ನೂ ಚಳಿಯಲ್ಲಿದೆ, ಪೆಟ್ರೋಲ್ ಜಾಸ್ತಿ ಕೊಡು ಅಂತ. ಚೋಕ್ ಎಳೆದು ಮರೆತ ಹಾಗೇ ಆಯಿತು. ರೇಡಿಯೇಟರ್ ಫ್ಯಾನ್ ಕೂಡ ಹೊತ್ತಿಗೆ ಸರಿಯಾಗಿ ತಿರುಗುತ್ತಿರಲಿಲ್ಲ, ಎಂಜಿನ್ ಉಳಿದದ್ದೇ ಪುಣ್ಯ. ಪಿನ್ ಉಜ್ಜಿ, ಸೀಲ್ ಬದಲಿಸಿದೆ. ಮುಗಿಯಿತು. ಮೇಷ್ಟ್ರಿಂದ ಆ ದಿನ ಕೂಲಿ ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಎಥನಾಲ್ ಬಗ್ಗೆಯೂ ಎಲ್ಲರೂ ಕೇಳುತ್ತೀರಿ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಗಾಳಿಯ ಲೆಕ್ಕ 14.7 ಅಲ್ಲ, ಹದಿಮೂರೂವರೆಯ ಹತ್ತಿರ. ಅಂದರೆ ಅದೇ ಗಾಳಿಗೆ ಇಂಧನ ಸ್ವಲ್ಪ ಜಾಸ್ತಿ ಬೇಕು. ಸೆನ್ಸರ್ ಇರುವ ಗಾಡಿ ಒಂದು ಮಿತಿಯವರೆಗೆ ತಾನೇ ಹೊಂದಿಸಿಕೊಳ್ಳುತ್ತದೆ, ಹಳೆಯ ಕಾರ್ಬುರೇಟರ್ ಗಾಡಿ ಲೀನ್ ಆಗುತ್ತದೆ. ಎಥನಾಲ್ ಟ್ಯಾಂಕಿನೊಳಗಿನ ಒದ್ದೆ ಗಾಳಿಯಿಂದ ನೀರು ಹೀರುತ್ತದೆ. ಮಳೆಗಾಲವಿಡೀ ಗಾಡಿ ನಿಲ್ಲಿಸುವವರು ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ.

ಇನ್ನು ಚಳಿಯಲ್ಲಿ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು ಕಾರ್ಬುರೇಟರ್ ಕಾಲದ ಅಭ್ಯಾಸ. ಈಗಿನ ಗಾಡಿಗೆ ಬೇಡ. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಡಿ, ಓಡುತ್ತಾ ಬೇಗ ಬಿಸಿಯಾಗುತ್ತದೆ. ನಿಂತಲ್ಲೇ ಓಡಿಸಿದರೆ ಉರಿಯದೆ ಉಳಿದ ಹೆಚ್ಚುವರಿ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆಯುತ್ತದೆ.

ಹೊರಗೆ ಶೆಡ್ಡಿನಲ್ಲಿ ಒಂದು ಕಾರು ನಿಲ್ಲಿಸಿದ್ದೇನೆ. ನಿನ್ನೆ ಸಂಜೆಯಿಂದ ಸ್ಟಾರ್ಟ್ ಮಾಡಿಲ್ಲ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಗಾಳಿಯ ಬಿಸಿ, ಕೂಲಂಟ್ ಬಿಸಿ ಎರಡೂ ಹೆಚ್ಚುಕಡಿಮೆ ಒಂದೇ ತೋರಿಸಬೇಕು. ಹತ್ತು ಡಿಗ್ರಿ ವ್ಯತ್ಯಾಸ ಕಂಡರೆ ಎರಡರಲ್ಲಿ ಒಂದು ಸೆನ್ಸರ್ ತಪ್ಪು ಹೇಳುತ್ತಿದೆ ಅಂತ. ಸ್ಕ್ಯಾನರ್ ತಂದಿದ್ದೇನೆ. ಬನ್ನಿ, ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ನೋಡೋಣ.