ದಾಕ್ಷಿಣ್ಯ ಬಿಟ್ಟು ಹೇಳಬೇಕಾದ ಮಾತುಗಳು

ಕೇಳುಗರಿಗೆ ನಮಸ್ಕಾರ.

ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಾಗಲಿ, ಮಣಿಪಾಲದ ಆಸ್ಪತ್ರೆಯಲ್ಲಾಗಲಿ ಒಂದೇ ವಾರ್ಡಿನೊಳಗೆ ತುಳು, ಕೊಂಕಣಿ, ಬ್ಯಾರಿ, ಮಲಯಾಳಂ, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಆದರೆ ರೌಂಡ್ಸಿಗೆ ಬಂದ ವೈದ್ಯರು "ಹೇಗಿದ್ದೀರಿ ಅಮ್ಮ?" ಎಂದು ಕೇಳಿದಾಗ, ಹೊಟ್ಟೆನೋವಿನಿಂದ ರಾತ್ರಿಯಿಡೀ ಕಣ್ಣು ಮುಚ್ಚದ ತಾಯಿಯೊಬ್ಬರು, ದೊಡ್ಡ ಡಾಕ್ಟ್ರಿಗೆ ಸುಮ್ಮನೆ ತೊಂದರೆ ಯಾಕೆಂದು ಸೆರಗು ಸರಿಪಡಿಸಿಕೊಂಡು "ಅಡ್ಡಿಲ್ಲ ಡಾಕ್ಟ್ರೆ" ಎಂದುಬಿಡುತ್ತಾರೆ. ಕೇಸ್ ಶೀಟಿನಲ್ಲಿಯೂ ಅದೇ ದಾಖಲಾಗುತ್ತದೆ, ಔಷಧಿ ಬದಲಾಗುವುದಿಲ್ಲ. ನಮ್ಮ ಕರಾವಳಿಯವರ ಈ ದಾಕ್ಷಿಣ್ಯ ಮನೆಯಲ್ಲಿ ಚೆಂದ, ಆಸ್ಪತ್ರೆಯಲ್ಲಿ ಅಪಾಯ.

ನೋವು ಎಲ್ಲಿದೆ, ಯಾವಾಗಿನಿಂದ ಇದೆ, ಚುಚ್ಚುತ್ತದೆಯೋ ಉರಿಯುತ್ತದೆಯೋ, 0ಯಿಂದ 10ರ ಅಳತೆಯಲ್ಲಿ ಎಷ್ಟಿದೆ ಎಂಬುದನ್ನು ಹೇಳಿದರೆ ವೈದ್ಯರ ಕೆಲಸ ಸುಲಭವಾಗುತ್ತದೆ. ಕನ್ನಡ ಸಲೀಸಾಗಿ ಬಾರದವರು ತುಳುವಿನಲ್ಲಿಯೋ ಬ್ಯಾರಿಯಲ್ಲಿಯೋ ಹೇಳಲಿ. ಆ ಭಾಷೆ ತಿಳಿದ ಸಿಬ್ಬಂದಿಯನ್ನು ಕರೆಸಿರೆಂದು ಕೇಳುವುದರಲ್ಲಿ ಸಂಕೋಚ ಬೇಡ. ಜೊತೆಗೆ ಉಳಿದ ಮಗನೋ ಸೊಸೆಯೋ ಹತ್ತು ಮಾತನ್ನು ಎರಡಕ್ಕೆ ಇಳಿಸಿ ಹೇಳಿದರೆ, ಬಿಟ್ಟುಹೋದ ಎಂಟರಲ್ಲಿಯೇ ರೋಗದ ಸುಳಿವು ಇದ್ದಿರಬಹುದು.

ದಾಖಲಾಗುವಾಗ ಮಾತ್ರೆಗಳ ಹೆಸರನ್ನು ನೆನಪು ಮಾಡಿಕೊಳ್ಳುತ್ತಾ ಕೂರುವ ಬದಲು ಮಾತ್ರೆಗಳ ಸ್ಟ್ರಿಪ್ಪುಗಳನ್ನೇ ಚೀಲದಲ್ಲಿ ತನ್ನಿ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಪಂಡಿತರು ಕೊಟ್ಟ ಕಷಾಯ ಎಲ್ಲವನ್ನೂ ತೋರಿಸಬೇಕು. ಹಿಂದೆ ಯಾವುದಾದರೂ ಇಂಜೆಕ್ಷನ್ನಿಗೆ ಮೈಮೇಲೆ ದದ್ದು ಎದ್ದಿದ್ದರೆ ಅದನ್ನು ಯಾರೂ ಕೇಳದಿದ್ದರೂ ಹೇಳಬೇಕು. ಔಷಧಿ ಕೊಡುವ ಮುನ್ನ ಸಿಸ್ಟರ್ ಪ್ರತಿ ಸಲವೂ ಹೆಸರು ಕೇಳಿದರೆ ಬೇಸರಿಸಬೇಡಿ. ಅಕ್ಕಪಕ್ಕದ ಹಾಸಿಗೆಗಳಲ್ಲಿ ಇಬ್ಬರು ಶೆಟ್ಟರು, ಇಬ್ಬರು ಡಿಸೋಜರು ಇರುವುದು ನಮ್ಮಲ್ಲಿ ಹೊಸತೇನಲ್ಲ. ಬರಿದೇ ತಲೆಯಾಡಿಸದೆ ಪೂರ್ತಿ ಹೆಸರು ಹೇಳಿ, ಇದು ಯಾವುದರ ಔಷಧಿಯೆಂದು ಕೇಳಿ.

ಡ್ರಿಪ್ ಹಾಕಿದ ಜಾಗ ಕೆಂಪಾದರೆ, ಊದಿದರೆ, ಉರಿದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ತಿಳಿಸಬೇಕು. ಮೈ ಮುಟ್ಟುವ ಮುನ್ನ ಕೈ ಶುಚಿ ಮಾಡಿಕೊಂಡಿರಾ ಎಂದು ಗೌರವದಿಂದ ಕೇಳಿದರೆ ಒಳ್ಳೆಯ ವೈದ್ಯರು ತಪ್ಪು ತಿಳಿಯುವುದಿಲ್ಲ. ಕೈಗೆ ಉಜ್ಜಿಕೊಳ್ಳುವ ಸ್ಯಾನಿಟೈಸರ್ ದ್ರಾವಣದಿಂದಾದರೆ ಅದಕ್ಕೆ ಬೇಕಾಗುವುದು 20ರಿಂದ 30 ಸೆಕೆಂಡು ಅಷ್ಟೆ. ನೋಡಲು ಬರುವ ನೆಂಟರಿಗೂ ಇದೇ ನಿಯಮ. ಮಳೆಗಾಲದಲ್ಲಿ ಅವರ ಕೊಡೆಗಳಿಂದ ಇಳಿದ ನೀರು ನೆಲದಲ್ಲಿ ನಿಂತಿರುತ್ತದೆ, ಆದ್ದರಿಂದ ರಾತ್ರಿ ಶೌಚಾಲಯಕ್ಕೆ ಏಳುವಾಗ ಹಿರಿಯರು ಒಬ್ಬರೇ ಹೋಗದೆ ಯಾರನ್ನಾದರೂ ಕರೆಯಬೇಕು.

ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಸಾಮಾನ್ಯವಾಗಿ ಅರಿವಳಿಕೆಗೆ 6 ಗಂಟೆ ಮೊದಲೇ ಊಟ, ಹಾಲು ಬೆರೆತ ಕಾಫಿ ನಿಲ್ಲಿಸಿರಬೇಕು. ಹೊಟ್ಟೆಯಲ್ಲಿ ಉಳಿದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. "ಪಾಪ, ಬಾಯಿ ಒಣಗಿದೆ" ಎಂದು ಯಾರೋ ಕಾಫಿ ಕುಡಿಸಿದ್ದರೆ, ಬೈಗುಳಕ್ಕೆ ಹೆದರಿ ಮುಚ್ಚಿಡದೆ ಅರಿವಳಿಕೆ ತಜ್ಞರಿಗೆ ಹೇಳಲೇಬೇಕು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಓದಿಸಿ, ಅರ್ಥ ತಿಳಿದ ಮೇಲೆಯೇ ಸಹಿ ಹಾಕಿ. ಚಿಕಿತ್ಸೆ ಏನು, ಅಪಾಯವೇನು, ಬೇರೆ ದಾರಿ ಇದೆಯೇ ಎಂಬುದನ್ನು ರೋಗಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿಯೇ ಹೇಳಿದೆ.

ಬಿಡುಗಡೆಯ ದಿನ ಬಿಲ್ ಕಟ್ಟಿ ಬಸ್ಸು ಹಿಡಿಯುವ ಅವಸರ ಇರುತ್ತದೆ. ಆದರೂ ಡಿಸ್ಚಾರ್ಜ್ ಸಾರಾಂಶವನ್ನು ಕೈಯಲ್ಲಿ ಹಿಡಿದು, ಹಳೆಯ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವ ಲಕ್ಷಣ ಕಂಡರೆ ತಕ್ಷಣ ಮರಳಬೇಕು ಎಂಬುದನ್ನು ನೀವು ತಿಳಿದುಕೊಂಡಂತೆ ನರ್ಸಿಗೆ ಒಮ್ಮೆ ಹೇಳಿ ತೋರಿಸಿ. ತಪ್ಪಿದ್ದರೆ ಅವರು ಅಲ್ಲಿಯೇ ತಿದ್ದುತ್ತಾರೆ.