ಸುಟ್ಟ ಮೋಟರಿನ ಅಂಗಡಿಗೂ ನೋಡುಗರಿದ್ದಾರೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಇವುಗಳಲ್ಲಿ ಯಾವ ಊರಿಗೆ ಹೋದರೂ ರಸ್ತೆ ಬದಿಯಲ್ಲಿ ಮೋಟರ್ ರೀವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿ ಕಟ್ಟಿಕೊಡುವ ಅಂಗಡಿ ಸಿಗುತ್ತದೆ. ಬಾಗಿಲಲ್ಲಿ ಪಂಪ್‌ಸೆಟ್ಟುಗಳ ಸಾಲು, ಒಳಗೆ ತಾಮ್ರದ ತಂತಿಯ ಸುರುಳಿಗಳು, ವಾರ್ನಿಷ್ ವಾಸನೆ. ಸಿಂಧನೂರಿನಲ್ಲಿ ನಾನು ನಡೆಸುವುದೂ ಅಂಥದೇ ಅಂಗಡಿ. "ನಮ್ಮಂಥವರಿಗೆ ಇನ್‌ಸ್ಟಾಗ್ರಾಮ್ ಯಾಕ್ರಿ? ಯಾರು ನೋಡ್ತಾರ?" ಎಂದು ಇದೇ ಕಸುಬಿನ ಗೆಳೆಯರು ಕೇಳುತ್ತಾರೆ. ವೆಲ್ಡಿಂಗ್, ಪಂಕ್ಚರ್, ಹಿಟ್ಟಿನ ಗಿರಣಿ, ಹಳೆ ಗೋಣಿಚೀಲದ ವ್ಯಾಪಾರ ಮಾಡುವವರದೂ ಅದೇ ಪ್ರಶ್ನೆ. ಇವತ್ತು ಅವರ ಜೊತೆ ಮಾತಾಡಬೇಕೆಂದೇ ಬಂದಿದ್ದೇನೆ.

ನೋಡುವವರು ಇದ್ದಾರೆ. ಅವರು ಎಲ್ಲಿದ್ದಾರೆ ಎಂಬುದನ್ನು ಮೊದಲು ಯೋಚಿಸಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಹರಿಯುತ್ತದೆ. ಅದರ ಅಕ್ಕಪಕ್ಕ ಭತ್ತ ಬೆಳೆಯುವವರು, ಕೊನೆ ಭಾಗದಲ್ಲಿ ಹಳ್ಳದಿಂದಲೋ ಕಾಲುವೆಯಿಂದಲೋ ನೀರೆತ್ತುವವರು, ಬೋರ್‌ವೆಲ್ ನಂಬಿದವರು, ಇವರೇ ನನ್ನ ಗಿರಾಕಿಗಳು. ಬೆಂಗಳೂರಿನಲ್ಲಿ ಲಕ್ಷ ಜನ ನನ್ನ ವಿಡಿಯೋ ನೋಡಿದರೂ ಅವರಲ್ಲಿ ಒಬ್ಬರೂ ಮೋಟರ್ ಹೊತ್ತು ಸಿಂಧನೂರಿಗೆ ಬರುವುದಿಲ್ಲ. ಆದ್ದರಿಂದ ಸಣ್ಣ ವ್ಯಾಪಾರಸ್ಥರು ಫಾಲೋವರ್ಸ್ ಸಂಖ್ಯೆಗಿಂತ ಅವರ ಊರು ನೋಡಬೇಕು. ಟ್ರ್ಯಾಕ್ಟರ್‌ನಲ್ಲಿ ಒಂದು ತಾಸಿನೊಳಗೆ ಅಂಗಡಿ ಮುಟ್ಟುವ ಹಳ್ಳಿಗಳ ಕೆಲವು ನೂರು ಜನ ನಮ್ಮನ್ನು ನೆನಪಿಟ್ಟುಕೊಂಡರೆ ಅದೇ ದೊಡ್ಡ ಬಳಗ. ದುಡ್ಡು ಕೊಟ್ಟು ಫಾಲೋವರ್ಸ್ ಕೊಳ್ಳುವವರೂ ಇದ್ದಾರೆ. ಆ ಖಾತೆಗಳ ಹಿಂದೆ ಗದ್ದೆಯೂ ಇಲ್ಲ, ಮೋಟರೂ ಇಲ್ಲ. ಆ ದುಡ್ಡಿಗೆ ಒಂದು ಒಳ್ಳೆಯ ಮೈಕ್ ಕೊಂಡುಕೊಳ್ಳಿ.

ಸರಿ, ತೋರಿಸುವುದೇನು? ಮೋಟರ್ ಸುಟ್ಟ ರೈತ ಅಂಗಡಿಗೆ ಬಂದವನೇ ಕೇಳುವ ಮೊದಲ ಮಾತು, "ಎಷ್ಟಾಗತೈತಿ?" ಎರಡನೆಯದು, "ಯಾಕ ಸುಟ್ಟತ್ರೀ? ಹೋದ ವರ್ಷನ ಕಟ್ಟಿಸಿದ್ವಿ." ಈ ಎರಡನೆಯ ಪ್ರಶ್ನೆಯಲ್ಲೇ ನಮ್ಮ ವಿಡಿಯೋಗಳೆಲ್ಲ ಇವೆ.

ಮೋಟರ್ ಬಿಚ್ಚಿದಾಗ ಸುಟ್ಟ ಕಾಯಿಲ್, ಅಂದರೆ ಒಳಗಿನ ತಂತಿ ಸುರುಳಿ, ತಾನೇ ಕಾರಣ ಹೇಳುತ್ತದೆ. ಎಲ್ಲ ಕಾಯಿಲ್‌ಗಳೂ ಒಂದೇ ಸಮ ಕಪ್ಪಾಗಿದ್ದರೆ ಲೋಡ್ ಹೆಚ್ಚಾಗಿದೆ, ಇಲ್ಲವೇ ವೋಲ್ಟೇಜ್ ಬಿದ್ದಿದೆ ಎಂದು ಮೊದಲು ಅನುಮಾನಿಸುತ್ತೇವೆ. ಮೂರೂ ಫೇಸಿನ ತಂತಿಗಳ ಒಂದೊಂದು ತುದಿಯನ್ನು ಒಂದೇ ಕಡೆ ಕೂಡಿಸಿದ ಸ್ಟಾರ್ ಕನೆಕ್ಷನ್ ಮೋಟರಿನಲ್ಲಿ ಎರಡು ಫೇಸಿನ ಕಾಯಿಲ್‌ಗಳು ಕರಕಲಾಗಿ, ಮೂರನೆಯ ಫೇಸಿನದು ಹೊಸದರಂತೆ ಹೊಳೆಯುತ್ತಿದ್ದರೆ, ಒಂದು ಫೇಸ್ ಹೋಗಿ ಮೋಟರ್ ಉಳಿದೆರಡರ ಮೇಲೆ ಓಡಿದೆ ಎಂದರ್ಥ. ಆಗ ಆ ಎರಡು ಲೈನುಗಳು ಹೆಚ್ಚು ಕರೆಂಟ್ ಎಳೆಯುತ್ತವೆ, ತಂತಿ ಕಾದು ಮೇಲಿನ ಎನಾಮಲ್ ಲೇಪ ಸುಟ್ಟು ಸುತ್ತುಗಳು ಒಂದಕ್ಕೊಂದು ತಾಗುತ್ತವೆ. ಕರೆಂಟ್ ಮಿತಿ ಮೀರಿದಾಗ ಮೋಟರ್ ನಿಲ್ಲಿಸುವ ಸ್ಟಾರ್ಟರಿನ ರಿಲೇ ಸರಿಯಾಗಿ ಸೆಟ್ ಆಗಿದ್ದರೆ ಅಷ್ಟರೊಳಗೆ ಟ್ರಿಪ್ ಆಗಿ ಮೋಟರ್ ಉಳಿಯುತ್ತದೆ. ಆದರೆ ಪದೇ ಪದೇ ಟ್ರಿಪ್ ಆಗುತ್ತದೆಂದು ಸ್ಟಾರ್ಟರಿಗೆ ಕಡ್ಡಿ ಸಿಗಿಸಿ ಬಿಡುವವರು ಎಷ್ಟು ಜನ! ರಾತ್ರಿ ಕರೆಂಟ್ ಬಂದಾಗ ಎದ್ದು ಗದ್ದೆಗೆ ಹೋಗುವ ಕಷ್ಟ ನನಗೆ ಗೊತ್ತು. ಆದರೂ ಆ ಕಡ್ಡಿ ತೆಗೆಯಿರಿ ಎಂದು, ಸುಟ್ಟ ಕಾಯಿಲ್ ಕೈಯಲ್ಲಿ ಹಿಡಿದು ಒಂದು ನಿಮಿಷದಲ್ಲಿ ಹೇಳಿದರೆ ಸಾಕು. ಅದು ಫೋನಿಂದ ಫೋನಿಗೆ, ಅಣ್ಣನಿಂದ ಮಾವನಿಗೆ ಹೋಗುತ್ತದೆ.

ಇದನ್ನೆಲ್ಲ ಹೇಳಿಕೊಟ್ಟರೆ ನಮ್ಮ ವ್ಯಾಪಾರ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹೋಗುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಬೇರಿಂಗ್ ಸವೆಯುತ್ತದೆ, ಬುಷ್ ಹೋಗುತ್ತದೆ, ಬೋರಿನಲ್ಲಿ ನೀರು ಇಳಿದು ಸಬ್‌ಮರ್ಸಿಬಲ್ ಒಣಗಿ ಓಡಿ ಕಾಯುತ್ತದೆ. ರಿಪೇರಿ ಇದ್ದೇ ಇರುತ್ತದೆ. ಯಾಕೆ ಕೆಟ್ಟಿತು ಎಂದು ದುಡ್ಡು ಕೇಳದೆ ಹೇಳಿದವನ ಅಂಗಡಿಗೇ ರೈತ ಮೋಟರ್ ಇಳಿಸುತ್ತಾನೆ.

ತೆಗೆಯುವ ರೀತಿ ಸುಲಭ. ಫೋನ್ ನೆಟ್ಟಗೆ ಹಿಡಿಯಿರಿ. ಅಂಗಡಿಯ ಬೋರ್ಡು, ಸ್ವಾಗತ, ಸಂಗೀತ ಯಾವುದೂ ಬೇಡ, ಮೊದಲ ಚಿತ್ರವೇ ಸುಟ್ಟ ಕಾಯಿಲ್ ಆಗಿರಲಿ. ಗ್ರೈಂಡರ್ ನಿಲ್ಲಿಸಿ ಮಾತಾಡಿ. ಚಿತ್ರ ಸ್ವಲ್ಪ ಮಬ್ಬಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಬಿಟ್ಟು ಹೋಗುತ್ತಾರೆ. ಸಿನಿಮಾ ಹಾಡು ಹಾಕಿದರೆ ಹಕ್ಕಿನ ತಕರಾರು ಬರಬಹುದು, ಅಂಗಡಿಯ ಸದ್ದೇ ಇರಲಿ. ಗಿರಾಕಿ ಜೊತೆ ಆಡುವ ಮಾತಿನಲ್ಲೇ ಆಡಿ. ನಮ್ಮ ಸುತ್ತಲಿನ ಕ್ಯಾಂಪುಗಳಲ್ಲಿ, ಅಂದರೆ ವಲಸೆ ಬಂದ ರೈತರು ನೆಲೆಸಿದ ಊರುಗಳಲ್ಲಿ, ತೆಲುಗು ಮಾತಾಡುವ ರೈತರು ಬಹಳ. ನಿಮಗೆ ತೆಲುಗು ಬಂದರೆ ಅದೇ ವಿಷಯವನ್ನು ಇನ್ನೊಮ್ಮೆ ತೆಲುಗಿನಲ್ಲಿ ಹೇಳಿ. ಈಗ ಜನ ಫೋನಿಗೆ ಬಾಯಲ್ಲೇ ಕೇಳುತ್ತಾರೆ. ಹಾಗಾಗಿ ವಿಡಿಯೋದ ಹೆಸರೂ ಅವರ ಪ್ರಶ್ನೆಯಂತೆಯೇ ಇರಲಿ: "ಪಂಪ್‌ಸೆಟ್ ಮೋಟರ್ ಯಾಕೆ ಸುಡುತ್ತೆ?" ಜೊತೆಗೆ ನಿಮ್ಮ ಊರಿನ ಹೆಸರು. ಗಿರಾಕಿಯ ಮುಖ ಮಾತ್ರ ಅವರನ್ನು ಕೇಳದೆ ತೋರಿಸಬೇಡಿ. ಮೋಟರ್ ಸುಟ್ಟುಕೊಂಡು ಬಂದವನ ಮನಸ್ಸು ಮೊದಲೇ ನೊಂದಿರುತ್ತದೆ.

ವಾಟ್ಸ್‌ಆ್ಯಪ್ ಬಿಸಿನೆಸ್ 2018ರ ಜನವರಿಯಲ್ಲಿ ಬಂತು, ದುಡ್ಡು ಕೊಡಬೇಕಿಲ್ಲ. ಅಂಗಡಿಯ ಸಮಯ, ವಿಳಾಸ, ಮಾಡುವ ಕೆಲಸಗಳನ್ನು ಅದರಲ್ಲಿ ಹಾಕಿಡಬಹುದು. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯ ಒಂದು ಸೂಕ್ಷ್ಮ ಬಹಳ ಜನರಿಗೆ ತಿಳಿದಿಲ್ಲ. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಅದಕ್ಕೆ ಮೋಟರ್ ಒಯ್ಯುವಾಗಲೇ ನಂಬರ್ ಸೇವ್ ಮಾಡಿಸಿ. ಕಟ್ಟಿಕೊಟ್ಟ ಮೋಟರಿನ ಮೈಮೇಲೆ ಆ ನಂಬರನ್ನು ಬಣ್ಣದಲ್ಲಿ ಬರೆಯುವುದನ್ನೂ ಬಿಡಬೇಡಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ಕಡಿದದ್ದು ಎಲ್ಲರಿಗೂ ನೆನಪಿದೆ. ನಾಟಿ ಮಾಡಿದ ರೈತರ ಎದೆ ನಡುಗಿದ ದಿನಗಳವು. ಅಂಥ ಹೊತ್ತಿನಲ್ಲಿ ಗಾಬರಿ ಹುಟ್ಟಿಸುವ ಸುದ್ದಿ ಹಾಕಿದರೆ ನೋಡುವವರು ಹೆಚ್ಚುತ್ತಾರೆ, ನಿಜ. ಅಂಗಡಿಯ ಹೆಸರಿನಲ್ಲಿ ಅದನ್ನು ದಯವಿಟ್ಟು ಮಾಡಬೇಡಿ. ಡ್ಯಾಮಿನ ವಿಷಯ ಅಲ್ಲಿನ ಅಧಿಕಾರಿಗಳು ಹೇಳಲಿ, ಮೋಟರಿನ ವಿಷಯ ನಾವು ಹೇಳೋಣ. ಒಂದು ಸುಳ್ಳು ಸುದ್ದಿ ಹಂಚಿದವನು ನಾಳೆ ಕಾಯಿಲ್ ಬಗ್ಗೆ ನಿಜ ಹೇಳಿದರೂ ನಂಬುವವರಿರುವುದಿಲ್ಲ.

ಇನ್ನೊಂದು ಎಚ್ಚರ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲಿ ಮಾತ್ರ ಬಳಗ ಕಟ್ಟಿದ್ದ ನಮ್ಮ ಕಡೆಯ ಹುಡುಗರು ಅದನ್ನು ಒಮ್ಮೆಲೇ ಕಳೆದುಕೊಂಡರು. ಆದ್ದರಿಂದ ಗಿರಾಕಿಯ ಹೆಸರು, ಹಳ್ಳಿ, ಫೋನ್ ನಂಬರ್, ಮೋಟರಿನ ಎಚ್‌ಪಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಖಾತೆಗಳಿಗೆ ಟೂ ಸ್ಟೆಪ್ ಪಿನ್ ಹಾಕಿ. ಆನ್‌ಲೈನಿನಲ್ಲಿ ದುಡ್ಡು ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎಲ್ಲಿಂದ ಶುರು ಮಾಡುವುದು ಎನ್ನುವವರು ಮೊದಲು ಗೂಗಲ್ ಮ್ಯಾಪಿನಲ್ಲಿ ಅಂಗಡಿಯನ್ನು ಸೇರಿಸಿ, ಬಾಗಿಲ ಫೋಟೋ ಹಾಕಿ. ಮುಂಗಾರಿಗೆ ಕಾಲುವೆ ನೀರು ಬರುವ ಮುಂಚೆ ಮೊದಲ ವಿಡಿಯೋ ಮಾಡಿ: ತಿಂಗಳುಗಟ್ಟಲೆ ನಿಂತ ಮೋಟರನ್ನು ಸ್ವಿಚ್ ಹಾಕುವ ಮೊದಲು, ತಂತಿಯ ಇನ್ಸುಲೇಷನ್ ಅಳೆಯುವ ಮೆಗ್ಗರ್‌ನಿಂದ ಯಾಕೆ ಪರೀಕ್ಷಿಸಬೇಕು, ಒಳಗೆ ತೇವ ಹಿಡಿದಿದ್ದರೆ ಏನು ಮಾಡಬೇಕು ಎಂದು. ಕೆಳಗೆ ಯಾರಾದರೂ ಪ್ರಶ್ನೆ ಬರೆದರೆ ಅಂಗಡಿ ಬಾಗಿಲು ಹಾಕುವುದರೊಳಗೆ ಉತ್ತರ ಕೊಡಿ.

ನಮಸ್ಕಾರ.